ಡೆಬಿಯನ್ ವ್ಯವಸ್ಥೆಯ ಇತಿಹಾಸವೂ ಅದರ ಗುಣದೋಷವಿಚಾರವೂ

೧

ಗಣಕಯಂತ್ರದ ಅಂಗಾಂಗಗಳನ್ನು ಒಂದುಗೂಡಿಸಿ, ಬರೆವಣಿಗೆ, ಲೆಕ್ಕ, ಮುದ್ರಣ ಮೊದಲಾದ ಕೆಲಸಗಳ ತಂತ್ರಾಂಶಗಳಿಗೆ ಆಧಾರವಾಗಿ ನಿಲ್ಲತಕ್ಕ ತಂತ್ರಾಂಶಸಮುದಾಯಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಲೋಕರೂಢಿಯಲ್ಲಿ ಅದನ್ನು ಆಪರೇಟಿಂಗ್ ಸಿಸ್ಟಮ್ ಎನ್ನುವರು. ಇವುಗಳಲ್ಲಿ ಕೆಲವು ವರ್ತಕಸಂಸ್ಥೆಗಳ ಸೊತ್ತಾಗಿದ್ದು, ಅವುಗಳ ಮೂಲಪಾಠವನ್ನು ಓದುವುದಕ್ಕಾಗಲಿ ತಿದ್ದುವುದಕ್ಕಾಗಲಿ ಹೊರಗಿನವರಿಗೆ ಅಧಿಕಾರವಿರುವುದಿಲ್ಲ. ಮತ್ತೆ ಕೆಲವು ಮುಕ್ತವಾದವು. ಅವುಗಳ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಇತರರಿಗೆ ಹಂಚಬಹುದು. ಈ ಎರಡನೆಯ ವರ್ಗಕ್ಕೆ ಸೇರಿದ ಡೆಬಿಯನ್ ಎಂಬ ವ್ಯವಸ್ಥೆಯು ಮೂರು ದಶಕಗಳಿಗೂ ಮೀರಿ, ಯಾವ ವರ್ತಕನ ಒಡೆತನಕ್ಕೂ ಒಳಗಾಗದೆ, ಸ್ವೇಚ್ಛೆಯಿಂದ ದುಡಿಯತಕ್ಕವರ ಸಮುದಾಯವೊಂದರಿಂದಲೇ ರಕ್ಷಿತವಾಗಿ ಬಂದಿದೆ. ಸಾಹಿತ್ಯಾಭ್ಯಾಸಿಗಳಿಗೆ ಇದರ ಇತಿಹಾಸವು ಅಪ್ರಸ್ತುತವೆಂದು ತೋರಬಹುದು. ಆದರೆ ಪಾಠವನ್ನು ಕಾಯುವುದು, ಪ್ರತಿಮಾಡುವುದು, ತಿದ್ದುವುದು, ಪದಕ್ಕೆ ಅರ್ಥನಿರ್ಣಯ ಮಾಡುವುದು ಎಂಬ ವ್ಯವಹಾರಗಳೇ ಅದರ ಸಾರವಾಗಿರುವುದರಿಂದ, ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಅದರ ಗುಣದೋಷಗಳು ಚಿರಪರಿಚಿತಗಳಂತೆಯೇ ಕಾಣುವುವು.

ಈ ವ್ಯವಸ್ಥೆಯ ಮೇಲೆ ಸಾಧಾರಣವಾಗಿ ಬರತಕ್ಕ ಆಕ್ಷೇಪಗಳು ನಾಲ್ಕು. ಹೊಸ ಆವೃತ್ತಿಗಳು ತಡವಾಗಿ ಬರುತ್ತವೆಂಬುದು ಮೊದಲನೆಯದು. ಹೊಸಬರಿಗೆ ಅದು ದುರ್ಗಮವೆಂಬುದು ಎರಡನೆಯದು. ಅಲ್ಪವಿಷಯಕ್ಕೂ ದೀರ್ಘವಾದ ಕಲಹ ನಡೆಯುತ್ತದೆಂಬುದು ಮೂರನೆಯದು. ಮೂಲಕರ್ತೃಗಳ ಕೃತಿಯನ್ನು ತಿದ್ದಲು ಹೋಗಿ ಕೆಡಿಸಿದ್ದುಂಟೆಂಬುದು ನಾಲ್ಕನೆಯದು. ಇವು ನಾಲ್ಕನ್ನೂ ಬೇರೆಬೇರೆ ದೋಷಗಳೆಂದು ಎಣಿಸಿ ಬೇರೆಬೇರೆ ಮದ್ದು ಹೇಳುವವರುಂಟು. ಇತಿಹಾಸವನ್ನು ಕ್ರಮವಾಗಿ ನೋಡಿದರೆ ಇವೆಲ್ಲ ಒಂದೇ ಬೇರಿನ ಕವಲುಗಳೆಂಬುದು ಸ್ಪಷ್ಟವಾಗುತ್ತದೆ. ಒಂದೊಂದು ಕೃತಿಗೂ ಒಬ್ಬೊಬ್ಬ ಪಾಲಕನಿದ್ದು, ಆ ಪಾಲಕನಿಗೆ ಆಜ್ಞೆಮಾಡತಕ್ಕವರು ಯಾರೂ ಇಲ್ಲದಿರುವುದೇ ಆ ಬೇರು. ಈ ಸಮುದಾಯದ ದೀರ್ಘಾಯುಸ್ಸಿಗೆ ಕಾರಣವೂ ಅದೇ ಆದುದರಿಂದ, ಬೇರನ್ನು ಕೀಳದೆ ಕವಲುಗಳನ್ನು ಸರಿಪಡಿಸುವ ಉಪಾಯವಾವುದೆಂದು ವಿಚಾರಿಸಬೇಕಾಗಿದೆ.

೨

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಇಯನ್ ಮರ್ಡಾಕ್ ಎಂಬಾತನು ೧೯೯೩ರ ಆಗಸ್ಟ್ ೧೬ರಂದು ಈ ಕಾರ್ಯವನ್ನು ಪ್ರಕಟಿಸಿದನು. ಡೆಬ್ರಾ ಎಂಬ ಆತನ ಪ್ರೇಯಸಿಯ ಹೆಸರೂ ಇಯನ್ ಎಂಬ ತನ್ನ ಹೆಸರೂ ಸೇರಿ ಡೆಬಿಯನ್ ಎಂಬ ಸಮಾಸವಾಯಿತು. ಲಿನಕ್ಸ್ ಎಂಬ ಮೂಲತಂತ್ರಾಂಶದ ಸುತ್ತಲೂ ಇತರ ತಂತ್ರಾಂಶಗಳನ್ನು ಕೂಡಿಸಿ ಹಂಚುವವರು ಆ ಕಾಲಕ್ಕೇ ಇದ್ದರು. ಆದರೆ ಕೂಡಿಸಿದ ಬಳಿಕ ತಪ್ಪುಗಳನ್ನು ತಿದ್ದಿ ಪೋಷಿಸುವ ಶ್ರದ್ಧೆ ಅವರಲ್ಲಿ ಸಾಲದೆಂಬುದು ಮರ್ಡಾಕನ ಆಕ್ಷೇಪವಾಗಿತ್ತು. ಅನೇಕರು ಸೇರಿ, ಒಬ್ಬೊಬ್ಬರು ಒಂದೊಂದು ಭಾಗವನ್ನು ವಹಿಸಿಕೊಂಡು, ಎಲ್ಲರ ಕಣ್ಣೆದುರಿಗೆ ಕಟ್ಟಬೇಕೆಂಬುದು ಆತನ ಸಂಕಲ್ಪ. ೧೯೯೪ರ ನವೆಂಬರಿನಿಂದ ಒಂದು ವರ್ಷಕಾಲ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಸಂಸ್ಥೆಯು ಈ ಕೆಲಸಕ್ಕೆ ಪೋಷಕವಾಗಿತ್ತು.

ಒಂದೊಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಕಟ್ಟಿಟ್ಟ ಕಟ್ಟಿಗೆ ಪ್ಯಾಕೇಜು ಎಂದು ಹೆಸರು. ೧೯೯೬ರ ಜೂನಿನಲ್ಲಿ ಹೊರಬಂದ ಮೊದಲ ಸ್ಥಿರ ಆವೃತ್ತಿಯಲ್ಲಿ ೪೭೪ ಪ್ಯಾಕೇಜುಗಳಿದ್ದುವು. ೨೦೨೫ರ ಆಗಸ್ಟ್ ೯ರಂದು ಹೊರಬಂದ ಹದಿಮೂರನೆಯ ಆವೃತ್ತಿಯಲ್ಲಿ ಅವುಗಳ ಸಂಖ್ಯೆ ೬೯,೮೩೦. ಇಷ್ಟು ದೊಡ್ಡ ಭಂಡಾರವನ್ನು ಕಾಯುತ್ತಿರುವ ಅಧಿಕೃತ ಸದಸ್ಯರು ಸುಮಾರು ಒಂದು ಸಾವಿರ ಮಂದಿ.

೧೯೯೭ರ ಜುಲೈಯಲ್ಲಿ ಬ್ರೂಸ್ ಪೆರೆನ್ಸನ ನಾಯಕತ್ವದಲ್ಲಿ ಈ ಸಮುದಾಯವು ಲೋಕಕ್ಕೆ ಕೊಟ್ಟ ವಚನವೆಂಬಂತೆ ಒಂದು ಸಾಮಾಜಿಕ ಒಡಂಬಡಿಕೆಯನ್ನು ಅಂಗೀಕರಿಸಿತು. ೧೯೯೮ರ ಡಿಸೆಂಬರಿನಲ್ಲಿ ಸಂವಿಧಾನವೊಂದು ರಚಿತವಾಯಿತು. ಅದರಂತೆ ನಾಯಕನನ್ನು ವರ್ಷಕ್ಕೊಮ್ಮೆ ಸದಸ್ಯರು ಮತದಿಂದ ಆರಿಸುತ್ತಾರೆ; ತಾಂತ್ರಿಕ ವಿವಾದಗಳಿಗೆ ಒಂದು ಸಮಿತಿಯಿದೆ; ಎಲ್ಲಕ್ಕೂ ಮೇಲೆ ಸದಸ್ಯರ ಸಾಮಾನ್ಯ ನಿರ್ಣಯವಿದೆ. ಆದರೆ ಈ ಸಂವಿಧಾನದಿಂದ ಯಾರ ಮೇಲೂ ಕೆಲಸ ಮಾಡಬೇಕೆಂಬ ಹೊಣೆ ಬೀಳುವುದಿಲ್ಲವೆಂಬ ಅರ್ಥದ ವಿಧಿಯೊಂದು ಅದರಲ್ಲಿದೆ. ಇಡೀ ಇತಿಹಾಸಕ್ಕೆ ಅದೇ ಸೂತ್ರಪ್ರಾಯವಾದುದು. ನಾಯಕನು ಕೇಳಿಕೊಳ್ಳಬಹುದು, ಸಮಿತಿಯು ಬೇಡವೆನ್ನಬಹುದು. ಮಾಡು ಎಂದು ಹೇಳತಕ್ಕ ಅಧಿಕಾರ ಮಾತ್ರ ಯಾರಿಗೂ ಇಲ್ಲ. ೨೦೧೯ರ ಚುನಾವಣೆಯಲ್ಲಿ ನಾಮಪತ್ರದ ಅವಧಿ ಮುಗಿದರೂ ಅಭ್ಯರ್ಥಿಯೊಬ್ಬನೂ ಮುಂದೆ ಬಾರದೆ, ಅವಧಿಯನ್ನು ಒಂದು ವಾರ ಹೆಚ್ಚಿಸಬೇಕಾಗಿ ಬಂದುದು ಈ ಪದವಿಯ ಭಾರವೆಷ್ಟು, ಅಧಿಕಾರವೆಷ್ಟು ಎಂಬುದನ್ನು ತೋರಿಸುತ್ತದೆ.

೩

ಮೊದಲನೆಯ ಆಕ್ಷೇಪವಾದ ವಿಳಂಬವು ಪರಾಕಾಷ್ಠೆಗೆ ಮುಟ್ಟಿದುದು ೨೦೦೨ರಿಂದ ೨೦೦೫ರ ವರೆಗಿನ ಕಾಲದಲ್ಲಿ. ೩.೦ ಎಂಬ ಆವೃತ್ತಿ ಹೊರಟುದು ೨೦೦೨ರ ಜುಲೈ ೧೯ರಂದು; ಅದರ ಮುಂದಿನದಾದ ೩.೧ ಹೊರಟುದು ೨೦೦೫ರ ಜೂನ್ ೬ರಂದು. ನಡುವೆ ಕಳೆದ ಸುಮಾರು ಮೂರು ವರ್ಷಗಳಲ್ಲಿ ಸ್ಥಿರ ಆವೃತ್ತಿಯ ಬಳಕೆದಾರರು ಹಳೆಯ ತಂತ್ರಾಂಶಗಳಿಂದಲೇ ಕಾಲಹಾಕಬೇಕಾಯಿತು. ೨೦೦೪ರ ಅಕ್ಟೋಬರಿನಲ್ಲಿ ಡೆಬಿಯನನ್ನೇ ತಳಹದಿಯಾಗಿ ಮಾಡಿಕೊಂಡ ಉಬುಂಟು ಎಂಬ ವ್ಯವಸ್ಥೆಯು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯೆಂಬ ನಿಯಮದೊಡನೆ ಹುಟ್ಟಿದುದೂ ಈ ಅವಧಿಯಲ್ಲಿಯೇ.

ವಿಳಂಬಕ್ಕೆ ಕಾರಣಗಳು ಹಲವು. ವ್ಯವಸ್ಥೆಯನ್ನು ಯಂತ್ರದಲ್ಲಿ ನೆಲೆಗೊಳಿಸತಕ್ಕ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ಕಟ್ಟಬೇಕಾಯಿತು. ಪಂಡಿತರ ಗಮನಕ್ಕೆ ಅರ್ಹವಾದ ಕಾರಣವಾದರೋ ಒಂದು ಪದದ ಅರ್ಥವಿವಾದ. ವ್ಯವಸ್ಥೆಯು ಸಂಪೂರ್ಣವಾಗಿ ಮುಕ್ತ ತಂತ್ರಾಂಶವಾಗಿಯೇ ಇರುವುದೆಂದು ಒಡಂಬಡಿಕೆಯ ಮೊದಲ ವಿಧಿಯು ಮಾತುಕೊಟ್ಟಿತ್ತು. ತಂತ್ರಾಂಶವೆಂಬ ಪದದಲ್ಲಿ ಕೈಪಿಡಿಗಳೂ ಚಿತ್ರಗಳೂ ಅಕ್ಷರವಿನ್ಯಾಸಗಳೂ ಅಂತರ್ಭೂತವೋ, ಅಲ್ಲವೋ? ಯಂತ್ರದ ಬಿಡಿಭಾಗಗಳ ಒಳಗೆ ತುಂಬಬೇಕಾದ, ಫರ್ಮ್‌ವೇರ್ ಎಂದು ಹೆಸರಾದ, ಮೂಲವು ದೊರೆಯದ ಆಜ್ಞಾಸಮೂಹಗಳ ಗತಿಯೇನು? ೨೦೦೪ರ ಏಪ್ರಿಲಿನಲ್ಲಿ ಬರಿಯ ಭಾಷಾಪರಿಷ್ಕಾರವೆಂದು ಮತಕ್ಕೆ ಬಂದ ತಿದ್ದುಪಡಿಯಿಂದ, ತಂತ್ರಾಂಶವೆಂಬ ಪದದ ಸ್ಥಾನದಲ್ಲಿ ವ್ಯವಸ್ಥೆಯೂ ಅದರ ಸಕಲ ಅಂಗಗಳೂ ಎಂಬ ಅರ್ಥದ ಮಾತು ಬಂದಿತು. ಆ ಪಾಠವನ್ನು ಅಕ್ಷರಶಃ ಅನುಸರಿಸುವುದಾದರೆ ಸಿದ್ಧವಾಗುತ್ತಿದ್ದ ಆವೃತ್ತಿಯಿಂದ ಅನೇಕ ಭಾಗಗಳನ್ನು ತೆಗೆದುಹಾಕಬೇಕೆಂದು ತಿಳಿದಾಗ ಸಮುದಾಯವು ಕಳವಳಗೊಂಡು, ಅದೇ ವರ್ಷದ ಬೇಸಗೆ ಕಳೆಯುವುದರೊಳಗೆ ಮತ್ತೊಂದು ಮತದಿಂದ ತನ್ನ ನಿರ್ಣಯದ ಪರಿಣಾಮವನ್ನು ತಾನೇ ಮುಂದೂಡಿತು.

ಫರ್ಮ್‌ವೇರಿನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ನಿಸ್ತಂತು ಜಾಲಕ್ಕೆ ಸೇರಿಸುವ ಉಪಕರಣಗಳಲ್ಲಿ ಅನೇಕವು ಅದಿಲ್ಲದೆ ನಡೆಯಲಾರವು. ಅದನ್ನೊಳಗೊಂಡ ಪ್ರತಿಗಳನ್ನು ಅನಧಿಕೃತವೆಂಬ ಹೆಸರಿನಿಂದ ಬೇರೆಯ ಮೂಲೆಯಲ್ಲಿ ಇಟ್ಟಿದ್ದರಾಗಿ, ಹೊಸಬನು ಅಧಿಕೃತ ಪ್ರತಿಯನ್ನು ತಂದು ನೆಲೆಗೊಳಿಸಲು ಹೊರಟರೆ ಜಾಲವೇ ದೊರೆಯದೆ ಕೈಚೆಲ್ಲಬೇಕಾಗುತ್ತಿತ್ತು. ಹೊಸಬರಿಗೆ ದುರ್ಗಮವೆಂಬ ಎರಡನೆಯ ಆಕ್ಷೇಪಕ್ಕೆ ಇದೊಂದು ಮುಖ್ಯ ಕಾರಣ. ೨೦೨೨ರ ಸಾಮಾನ್ಯ ನಿರ್ಣಯದಿಂದ ಒಡಂಬಡಿಕೆಯ ಐದನೆಯ ವಿಧಿಗೆ ತಿದ್ದುಪಡಿಯಾಗಿ, ೨೦೨೩ರ ಜೂನ್ ೧೦ರಂದು ಹೊರಬಂದ ಹನ್ನೆರಡನೆಯ ಆವೃತ್ತಿಯಲ್ಲಿ ಫರ್ಮ್‌ವೇರಿಗೆ ಪ್ರತ್ಯೇಕ ವಿಭಾಗವೂ ಅಧಿಕೃತ ಪ್ರತಿಯಲ್ಲಿ ಸ್ಥಾನವೂ ದೊರೆತುವು. ಒಂದು ಪದದ ವ್ಯಾಪ್ತಿನಿರ್ಣಯಕ್ಕೆ ಹದಿನೆಂಟು ವರ್ಷ ಹಿಡಿಯಿತು. ಕೊಟ್ಟ ಮಾತನ್ನು ಗುಟ್ಟಾಗಿ ಮೀರದೆ, ಬಹಿರಂಗವಾಗಿ ಒಂದಕ್ಕೆ ಮೂರರ ಪ್ರಮಾಣವನ್ನು ಮೀರಿದ ಬಹುಮತದಿಂದ ಮಾತನ್ನೇ ತಿದ್ದಿಕೊಂಡುದು ಈ ಸಮುದಾಯದ ಗುಣ. ಹದಿನೆಂಟು ವರ್ಷ ಹಿಡಿದುದು ಅದರ ದೋಷ.

೪

ನಾಲ್ಕನೆಯ ಆಕ್ಷೇಪವು ಎಲ್ಲಕ್ಕಿಂತ ಗುರುತರವಾದುದು. ಡೆಬಿಯನಿನ ಪಾಲಕನು ಮೂಲಕರ್ತೃವಿನ ಕೃತಿಯನ್ನು ಹಾಗೆಯೇ ಪ್ರತಿಮಾಡುವ ಬರಿಯ ಲಿಪಿಕಾರನಲ್ಲ. ವ್ಯವಸ್ಥೆಗೆ ಹೊಂದುವಂತೆ ಆತನು ಅಲ್ಲಲ್ಲಿ ಪಾಠವನ್ನು ತಿದ್ದುತ್ತಾನೆ. ಈ ತಿದ್ದುಪಡಿಗಳಿಂದ ಬಂದ ಲಾಭವು ಅಪಾರ. ಆದರೆ ಒಂದು ಸಲ ಬಂದ ನಷ್ಟವೂ ಅಲ್ಪವಲ್ಲ.

ಅಂತರಜಾಲದಲ್ಲಿ ಗುಪ್ತವ್ಯವಹಾರ ನಡೆಸಲು ಬೇಕಾದ ಕೀಲಿಸಂಖ್ಯೆಗಳನ್ನು ಹುಟ್ಟಿಸುವ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶವುಂಟು. ಕೀಲಿಯು ಊಹೆಗೆ ನಿಲುಕದಂತಿರಬೇಕಾದರೆ ಅದರ ಮೂಲದಲ್ಲಿ ಯಾದೃಚ್ಛಿಕವಾದ ಸಂಖ್ಯೆಗಳು ಸೇರಬೇಕು. ದೋಷಗಳನ್ನು ಹುಡುಕುವ ಉಪಕರಣವೊಂದು ಆ ಭಾಗದ ಎರಡು ಪಂಕ್ತಿಗಳನ್ನು ಸಂಶಯಾಸ್ಪದವೆಂದು ತೋರಿಸಿದಾಗ, ಡೆಬಿಯನಿನ ಪಾಲಕನು ಮೂಲಕರ್ತೃಗಳ ಚರ್ಚಾಕೂಟದಲ್ಲಿ ವಿಚಾರಿಸಿ, ತಡೆಯುವ ಉತ್ತರ ಬಾರದುದರಿಂದ ೨೦೦೬ರಲ್ಲಿ ಅವೆರಡನ್ನೂ ತೆಗೆದನು. ಅವುಗಳಲ್ಲಿ ಒಂದು ಅನಾವಶ್ಯಕವಾಗಿದ್ದಿತು; ಮತ್ತೊಂದು ಪ್ರಾಣಪ್ರಾಯವಾಗಿದ್ದಿತು. ಅದು ಹೋದಮೇಲೆ ಕೀಲಿಗೆ ಆಧಾರವಾಗಿ ಉಳಿದುದು ಯಂತ್ರದಲ್ಲಿ ನಡೆಯುವ ಕಾರ್ಯಕ್ಕೆ ಹಾಕುವ ಕ್ರಮಸಂಖ್ಯೆಯೊಂದೇ. ಹೀಗೆ ಒಂದೊಂದು ಬಗೆಯ ಕೀಲಿಯಲ್ಲಿಯೂ ಸಾಧ್ಯವಾದ ಸಂಖ್ಯೆ ೩೨,೭೬೭ಕ್ಕೆ ಇಳಿಯಿತು. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವುದು ಯಂತ್ರಕ್ಕೆ ಕ್ಷಣಕಾಲದ ಕೆಲಸ. ೨೦೦೭ರ ಏಪ್ರಿಲಿನಲ್ಲಿ ಹೊರಟ ೪.೦ನೆಯ ಆವೃತ್ತಿಯಲ್ಲಿಯೂ ಉಬುಂಟುವಿನಲ್ಲಿಯೂ ಈ ಅಪಪಾಠವೇ ಹರಡಿತು. ೨೦೦೮ರ ಮೇ ೧೩ರಂದು ತಪ್ಪು ಪ್ರಕಟವಾದಾಗ, ಆ ಅವಧಿಯಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಲೋಕದಾದ್ಯಂತ ಬದಲಾಯಿಸಬೇಕಾಯಿತು.

ಇಲ್ಲಿ ದುರುದ್ದೇಶವಿರಲಿಲ್ಲ; ಅಜಾಗರೂಕತೆಯೆಂದು ಸುಲಭವಾಗಿ ಹೇಳುವಂತೆಯೂ ಇಲ್ಲ. ಅರ್ಥವಾಗದ ಅಕ್ಷರವನ್ನು ಪೂರ್ವಲಿಪಿಕಾರನ ಪ್ರಮಾದವೆಂದು ತಿಳಿದು ಸದ್ಬುದ್ಧಿಯಿಂದ ತೆಗೆಯುವ ಸಂಪಾದಕನಿಗೆ ಆಗತಕ್ಕುದೇ ಈತನಿಗೂ ಆಯಿತು. ತಪ್ಪಿನ ಮೂಲವು ಪದ್ಧತಿಯಲ್ಲಿದೆ: ತಿದ್ದಿದ ಪಾಠವು ಎರಡನೆಯವನ ಕಣ್ಣಿಗೆ ಬೀಳದೆ ಜನರ ಕೈಸೇರಬಹುದಾಗಿತ್ತು.

ತಿದ್ದಿದ ಪಾಠಕ್ಕೆ ಮೂಲದ ಹೆಸರನ್ನೇ ಇಡಬಹುದೇ ಎಂಬ ವಿವಾದವೂ ಅದೇ ೨೦೦೬ರಲ್ಲಿ ಬಂದಿತು. ಫೈರ್‌ಫಾಕ್ಸ್ ಎಂಬ ಜಾಲವೀಕ್ಷಕದ ಒಡೆಯರಾದ ಮೊಜಿಲ್ಲಾ ಸಂಸ್ಥೆಯವರು, ತಮ್ಮ ಅನುಮತಿಯಿಲ್ಲದೆ ತಿದ್ದಿದ ಕೃತಿಗೆ ತಮ್ಮ ಮುದ್ರೆ ಸಲ್ಲದೆಂದರು. ಡೆಬಿಯನಿನವರು ತಿದ್ದುವ ಹಕ್ಕನ್ನು ಬಿಡದೆ ಹೆಸರನ್ನು ಬಿಟ್ಟು, ಐಸ್‌ವೀಸೆಲ್ ಎಂಬ ಹೊಸ ಹೆಸರಿನಿಂದ ೨೦೧೬ರ ವರೆಗೆ ಅದನ್ನು ಹಂಚಿದರು.

೫

ಮೂರನೆಯ ಆಕ್ಷೇಪವಾದ ಕಲಹಕ್ಕೆ ೨೦೧೪ನೆಯ ವರ್ಷವು ದೃಷ್ಟಾಂತ. ಯಂತ್ರವು ಎಚ್ಚರಗೊಂಡ ಕೂಡಲೆ ಉಳಿದ ಕಾರ್ಯಗಳನ್ನು ಕ್ರಮವಾಗಿ ಎಬ್ಬಿಸುವ ಆದ್ಯ ತಂತ್ರಾಂಶವಾವುದಾಗಿರಬೇಕೆಂಬ ಪ್ರಶ್ನೆಯಲ್ಲಿ, ಸಿಸ್ಟಮ್‌ಡಿ ಎಂಬುದೇ ಆಗಲೆಂದು ತಾಂತ್ರಿಕ ಸಮಿತಿಯು ಆ ವರ್ಷದ ಫೆಬ್ರವರಿಯಲ್ಲಿ ನಿರ್ಣಯಿಸಿತು. ಎಂಟು ಮಂದಿಯ ಸಮಿತಿಯಲ್ಲಿ ಪಕ್ಷಗಳು ಸಮಸಮವಾಗಿ, ಅಧ್ಯಕ್ಷನ ನಿರ್ಣಾಯಕ ಮತದಿಂದಲೇ ವಿವಾದ ತೀರಬೇಕಾಯಿತು. ತೀರಿತೆಂದುದೂ ಹೆಸರಿಗೆ ಮಾತ್ರ. ನವೆಂಬರಿನ ಸಾಮಾನ್ಯ ಮತದಲ್ಲಿ ಈ ವಿಷಯದಲ್ಲಿ ನಿರ್ಣಯವೇ ಅನಾವಶ್ಯಕವೆಂಬ ಪಕ್ಷವು ಗೆದ್ದಿತು. ಅದೇ ತಿಂಗಳಲ್ಲಿ ಹಿಂದಿನ ನಾಯಕನೂ ಪ್ಯಾಕೇಜು ನಿರ್ವಹಣೆಯ ತಂತ್ರಾಂಶದ ಆದ್ಯ ಶಿಲ್ಪಿಗಳಲ್ಲೊಬ್ಬನೂ ಆದ ಇಯನ್ ಜಾಕ್ಸನ್ ಸಮಿತಿಯನ್ನು ಬಿಟ್ಟನು. ಅಸಮಾಧಾನಗೊಂಡ ಕೆಲವರು ಡೆವುವನ್ ಎಂಬ ಪ್ರತ್ಯೇಕ ಶಾಖೆಯನ್ನು ಘೋಷಿಸಿದರು.

ಆ ಮತವಿವಾದದ ಒಂದು ಅನಿರೀಕ್ಷಿತ ಫಲವು ಹತ್ತು ವರ್ಷಗಳ ಮೇಲೆ ಕಾಣಿಸಿತು. ದೂರದಿಂದ ಯಂತ್ರದೊಳಕ್ಕೆ ಪ್ರವೇಶ ಕೊಡತಕ್ಕ ದ್ವಾರಪಾಲಕನಾದ ಎಸ್‌ಎಸ್‌ಎಚ್ ತಂತ್ರಾಂಶವನ್ನು ಸಿಸ್ಟಮ್‌ಡಿಗೆ ಹೊಂದಿಸಲು ಡೆಬಿಯನಿನಲ್ಲಿಯೂ ಇತರ ಕೆಲವು ವ್ಯವಸ್ಥೆಗಳಲ್ಲಿಯೂ ಅದಕ್ಕೊಂದು ತಿದ್ದುಪಡಿ ಮಾಡಿದ್ದರು. ಅದರ ಮೂಲಕ ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶವೊಂದು ದ್ವಾರಪಾಲಕನ ಬಳಗಕ್ಕೆ ಸೇರಿತು. ಈ ಸಣ್ಣ ಕೃತಿಗೆ ಇದ್ದವನು ದಣಿದ ಪಾಲಕನೊಬ್ಬನೇ. ಸಹಾಯಕನ ವೇಷದಿಂದ ಬಂದು ಎರಡು ವರ್ಷಗಳಿಗೂ ಮೀರಿ ವಿಶ್ವಾಸವನ್ನು ಗಳಿಸಿದ ಗುಪ್ತನಾಮಧಾರಿಯೊಬ್ಬನು ಅದರ ೫.೬.೦, ೫.೬.೧ ಎಂಬ ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನಿಟ್ಟನು. ಆ ಬಾಗಿಲನ್ನು ತೆರೆಯುವ ಭಾಗವು ಎಲ್ಲರೂ ನೋಡುವ ಮೂಲಭಂಡಾರದಲ್ಲಿರದೆ, ಹಂಚಿಕೆಗಾಗಿ ಕಟ್ಟಿದ ಪ್ರತಿಯಲ್ಲಿ ಮಾತ್ರವಿದ್ದಿತು. ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಅನುಮಾನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನು ೨೦೨೪ರ ಮಾರ್ಚ್ ೨೯ರಂದು ಇದನ್ನು ಬಯಲಿಗೆಳೆದನು. ಡೆಬಿಯನಿನ ಅಸ್ಥಿರ ಹಾಗೂ ಪರೀಕ್ಷಾ ಶಾಖೆಗಳಿಗೆ ಈ ಪಾಠವು ಆಗಲೇ ಬಂದಿದ್ದಿತು. ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ನಿಧಾನವೆಂದು ನಿಂದಿತವಾದ ಗುಣವೇ ಆ ಸಲ ಬಳಕೆದಾರರನ್ನು ಕಾಯಿತು. ಆದರೆ ಏಕಾಕಿಯಾದ ಪಾಲಕನು ಎಂತಹ ಅಪಾಯದ ಸ್ಥಾನವೆಂಬುದೂ ಅದರಿಂದಲೇ ಸಿದ್ಧವಾಯಿತು.

೬

ಇನ್ನು ಪರಿಹಾರವಿಚಾರ. ನಡೆದ ಸುಧಾರಣೆಗಳಲ್ಲಿ ಸಫಲವಾದುವು ಯಾವುವು, ವಿಫಲವಾದುವು ಯಾವುವು ಎಂದು ವಿಂಗಡಿಸಿದರೆ ಒಂದು ನಿಯಮವು ಗೋಚರಿಸುತ್ತದೆ. ಆಳನ್ನು ಬಗ್ಗಿಸಲು ಹೊರಟ ಉಪಾಯಗಳು ಸೋತುವು. ಕೃತಿಯ ಪ್ರವೇಶಕ್ಕೆ ನಿಬಂಧನೆಯಿಟ್ಟ ಉಪಾಯಗಳು ಗೆದ್ದುವು.

೨೦೦೬ರಲ್ಲಿ ಡಂಕ್ ಟ್ಯಾಂಕ್ ಎಂಬ ಪ್ರಯೋಗದಿಂದ, ಆವೃತ್ತಿಯನ್ನು ಹೊರಡಿಸುವ ಇಬ್ಬರಿಗೆ ಹಣಕೊಟ್ಟು ಡಿಸೆಂಬರಿನೊಳಗೆ ಕೆಲಸ ಮುಗಿಸಲು ಕೆಲವರು ಯತ್ನಿಸಿದರು. ಹಣವಿಲ್ಲದೆ ದುಡಿಯುತ್ತಿದ್ದ ಇತರರಲ್ಲಿ ಅಸಮಾಧಾನ ಹುಟ್ಟಿತು. ಆವೃತ್ತಿಯು ೨೦೦೭ರ ಏಪ್ರಿಲಿಗೆ ಹೋಯಿತು. ಇದಕ್ಕೆ ವ್ಯತಿರಿಕ್ತವಾಗಿ, ೨೦೦೦ದಲ್ಲಿ ಏರ್ಪಟ್ಟ ಪರೀಕ್ಷಾ ಶಾಖೆಯು ಯಾರಿಗೂ ಆಜ್ಞೆಮಾಡುವುದಿಲ್ಲ. ಅಸ್ಥಿರ ಶಾಖೆಯಲ್ಲಿ ಕೆಲವು ದಿನ ನಿಂತು, ಗುರುತರ ದೋಷವಿಲ್ಲವೆಂದು ತೋರಿದ ಪ್ಯಾಕೇಜು ಮಾತ್ರ ತಾನಾಗಿ ಅದರೊಳಕ್ಕೆ ಬರುತ್ತದೆ. ಗೊತ್ತಾದ ಕಾಲಕ್ಕೆ ಹೊಸ ಸೇರ್ಪಡೆಗಳನ್ನು ನಿಲ್ಲಿಸಬೇಕೆಂಬ ನಿಯಮವು ೨೦೦೯ರಲ್ಲಿ ಪ್ರಕಟವಾಯಿತು. ಮೊದಲು ಹೇಳಿದ ಗಡುವಿಗೆ ವಿರೋಧ ಬಂದು ಅದನ್ನು ಮುಂದೂಡಿದರೂ ತತ್ತ್ವವು ನಿಂತಿತು. ಸಿದ್ಧನಿಲ್ಲದವನಿಗೆ ದಂಡನೆಯಿಲ್ಲ, ಅವನ ಕೃತಿ ಮುಂದಿನ ಆವೃತ್ತಿಗೆ ಕಾಯುತ್ತದೆ. ಅಲ್ಲಿಂದೀಚೆಗೆ ೨೦೧೧ರಿಂದ ೨೦೨೫ರ ವರೆಗೆ ಎರಡೆರಡು ವರ್ಷಕ್ಕೊಂದರಂತೆ ಎಂಟು ಆವೃತ್ತಿಗಳು ತಪ್ಪದೆ ಬಂದಿವೆ. ೨೦೧೩ರಲ್ಲಿ ಆರಂಭವಾದ ಮತ್ತೊಂದು ಪ್ರಯತ್ನವು, ಒಂದೇ ಮೂಲದಿಂದ ಯಾರು ಕಟ್ಟಿದರೂ ಅಕ್ಷರವೂ ವ್ಯತ್ಯಾಸವಾಗದ ಪ್ರತಿ ಬರುವಂತೆ ಮಾಡಿ, ಹಂಚಿದ ಪ್ರತಿಯನ್ನು ಮೂಲದೊಡನೆ ತಾಳೆನೋಡಲು ಎಲ್ಲರಿಗೂ ದಾರಿ ತೆರೆಯುತ್ತಿದೆ.

ಇದೇ ನ್ಯಾಯದಿಂದ ಮುಂದೆ ಆಗಬೇಕಾದುವು ಮೂರು. ಒಂದು, ಗುಪ್ತಕೀಲಿ, ಪ್ರವೇಶದ್ವಾರ ಮೊದಲಾದ ಮರ್ಮಸ್ಥಾನಗಳಿಗೆ ಸೇರಿದ ಪ್ಯಾಕೇಜುಗಳೂ ಅವು ಅವಲಂಬಿಸಿರುವ ಸಣ್ಣ ಕೃತಿಗಳೂ ಎರಡನೆಯ ಓದುಗನೊಬ್ಬನ ಮುದ್ರೆಯಿಲ್ಲದೆ ಪರೀಕ್ಷಾ ಶಾಖೆಗೆ ಬಾರದಿರುವುದು. ಎರಡು, ಪ್ರತಿಯೊಂದು ತಿದ್ದುಪಡಿಯ ತಲೆಯಲ್ಲಿ ಕಾರಣವನ್ನೂ, ಮಾಡಿದವನನ್ನೂ, ಮೂಲಕರ್ತೃವಿಗೆ ತಿಳಿಸಲಾಯಿತೇ ಎಂಬುದನ್ನೂ ಬರೆಯುವುದು. ಈ ರೀತಿಯ ಮಾದರಿಯೊಂದು ೨೦೦೯ರಿಂದಲೇ ಇದೆಯಾದರೂ ಅದು ಹಿತವಚನವಾಗಿದೆಯೇ ಹೊರತು ವಿಧಿಯಾಗಿಲ್ಲ. ಮೂರು, ಪಾಲಕನಿಲ್ಲದಂತಾದ ಕೃತಿಯನ್ನು ಇತರರು ವಹಿಸಿಕೊಳ್ಳುವ ಕ್ರಮವನ್ನು ೨೦೧೮ರಲ್ಲಿ ಸುಗಮಗೊಳಿಸಿದಂತೆಯೇ, ಹೊಸಬರು ಒಳಗೆ ಬರುವ ದಾರಿಯನ್ನೂ ಸುಗಮಗೊಳಿಸುವುದು. ೨೦೦೭ರಲ್ಲಿ ಪೂರ್ಣಸದಸ್ಯರಲ್ಲದವರಿಗೂ ತಮ್ಮ ಪ್ಯಾಕೇಜನ್ನು ಪಾಲಿಸುವ ಅಧಿಕಾರವಿತ್ತುದು ಈ ದಾರಿಯಲ್ಲಿ ಒಳ್ಳೆಯ ಹೆಜ್ಜೆ. ದೋಷವರದಿಯ ವ್ಯವಹಾರವು ಈಗಲೂ ವಿದ್ಯುದಂಚೆಯ ಕಟ್ಟಳೆಗಳಿಗೆ ಅಂಟಿಕೊಂಡಿರುವುದು ಹೊಸಬರಿಗೆ ಉಳಿದಿರುವ ತೊಡಕು.

ಎರಡನೆಯ ಓದುಗರಾಗಿ ಸ್ವಯಂಸೇವಕರು ಎಲ್ಲಿಂದ ಬರುವರೆಂಬ ಪೂರ್ವಪಕ್ಷವು ಬಲವಾದುದೇ. ಅದಕ್ಕೆ ಸಮಾಧಾನವೂ ಇತಿಹಾಸದಲ್ಲಿದೆ. ಹಳೆಯ ಆವೃತ್ತಿಗಳನ್ನು ಹೆಚ್ಚು ಕಾಲ ರಕ್ಷಿಸುವ ಕಾರ್ಯವು ೨೦೧೪ರಿಂದ ಪೋಷಕರ ಧನದಿಂದ ನಡೆಯುತ್ತಿದ್ದು, ಡಂಕ್ ಟ್ಯಾಂಕಿನ ಕಾಲದ ಕಲಹ ಅದರಿಂದ ಹುಟ್ಟಲಿಲ್ಲ. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಕೂಲಿಯನ್ನು ತಂದಾಗ ಮನಸ್ಸು ಒಡೆಯಿತು. ಯಾರೂ ಇಷ್ಟಪಡದ ಕೆಲಸಕ್ಕೆ ಕೂಲಿಯನ್ನು ಕೊಟ್ಟಾಗ ಒಡೆಯಲಿಲ್ಲ. ಪರಿಶೋಧನವು ಈ ಎರಡನೆಯ ಜಾತಿಯದು.

ಈ ವಿಚಾರವು ಕನ್ನಡಿಗರಿಗೆ ದೂರದ್ದಲ್ಲ. ಡೆಬಿಯನನ್ನು ನೆಲೆಗೊಳಿಸುವ ತಂತ್ರಾಂಶವು ತನ್ನ ಚಿತ್ರರೂಪದಲ್ಲಿ ಕನ್ನಡದಲ್ಲಿಯೂ ಮಾತನಾಡಬಲ್ಲುದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳು ಅದರ ಭಂಡಾರದಲ್ಲಿವೆ. ೨೦೨೩ರಲ್ಲಿ ಆ ಸಮುದಾಯದ ವಾರ್ಷಿಕ ಸಮ್ಮೇಳನವು ನೆರೆಯ ಕೊಚ್ಚಿಯಲ್ಲಿ ನಡೆಯಿತು. ಆದರೆ ಇಂತಹ ಭಾಷಾಂತರವು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಮೂಲವಾಕ್ಯ ಬದಲಾದೊಡನೆ ಕನ್ನಡವಾಕ್ಯವು ಹಳತಾಗಿ, ಓದುವವನಿಗೆ ಇಂಗ್ಲಿಷಿನ ವಾಕ್ಯವೇ ಎದುರಾಗುತ್ತದೆ. ಪಾಠಾಂತರಗಳನ್ನು ತಾಳೆನೋಡುವುದರಲ್ಲಿಯೂ ಪದದ ಅರ್ಥವ್ಯಾಪ್ತಿಯನ್ನು ನಿಷ್ಕರ್ಷಿಸುವುದರಲ್ಲಿಯೂ ನುರಿತ ಕನ್ನಡ ಅಧ್ಯಾಪಕರಿಗೆ ಅಲ್ಲಿ ಎರಡನೆಯ ಓದುಗರ ಸ್ಥಾನವು ತೆರವಾಗಿಯೇ ಇದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.